ಸಂದಿಲ್ಲದ ಮಾತು

ಮಾರ್ಲೀನ್ ಫೋರ್ಕನ್ನು ತಟ್ಟೆಯ ಪಕ್ಕಕ್ಕಿಟ್ಟಳೆಂದರೆ ಏನೋ ಹೇಳಲಿದ್ದಾಳೆ ಎಂದರ್ಥ. ಬಾಣಲೆಯಿಂದ ತನ್ನ ಮೊಟ್ಟೆ ಎತ್ತಿಕೊಳ್ಳುತ್ತಿದ್ದ ಡ್ವೇನ್ ಕೋಪೆಕಿ ಹಾಗೇ ನಿಂತ. ಅವಳ ಎಡಗೈ ಮೇಜಿನ ಮೇಲೆ ಅಂಗೈ ಮೇಲಾಗಿ ತೆರೆದುಕೊಂಡಿತು, ತುಟಿ ಒಂದು ಬದಿಗೆ ಜರುಗಿತು. "ಅದು..." ಎಂದಳು. ಆಮೇಲೆ ಏನೂ ಇಲ್ಲ. ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಕಿಟಕಿಯಾಚೆ ಕೊಯ್ಲು ಮುಗಿದ ಜೋಳದ ಹೊಲದ ಮೇಲೆ ಗಾಳಿ ಒಣಗರಿಗಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. "ಉಪ್ಪಾ?" ಎಂದ. "ಮೆಣಸಿನ ಪುಡಿಯಾ? ಕಾಫಿಗೆ ಹಾಲು ಬೇಕಾ? ಚಳಿಯಾಗ್ತಿದೆಯಾ, ಕಿಟಕಿ ಹಾಕ್ಲಾ? ಕ್ರಿಸ್ಟಾಗೆ ಫೋನ್ ಮಾಡ್ಬೇಕಾ?" ಪ್ರತಿ ಪ್ರಶ್ನೆಗೂ ಅವಳ ಹುಬ್ಬು ಒಂದಿಷ್ಟು ಬಿಗಿಯುವುದು, ಅವಳು ಹುಡುಕುತ್ತಿದ್ದ ಮಾತು ಇನ್ನೊಂದಿಷ್ಟು ದೂರ ಸರಿಯುವುದು ಅವನಿಗೆ ಕಾಣುತ್ತಿತ್ತು. ಕಾಣುತ್ತಿದ್ದರೂ ನಿಲ್ಲಿಸಲಾಗಲಿಲ್ಲ. ಕೊನೆಗೆ ಅವಳು ಕೈ ಮಗುಚಿ ಫೋರ್ಕು ಎತ್ತಿಕೊಂಡಳು. ಸದ್ಯ, ಮುಗಿಯಿತು, ಅನ್ನಿಸಿತು ಅವನಿಗೆ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಮೊಟ್ಟೆಯನ್ನು ನಿಂತುಕೊಂಡೇ ನಾಲ್ಕು ತುತ್ತಿಗೆ ತಿಂದು ಮುಗಿಸಿದ.

ಇವತ್ತು ಅವನು ಮತ್ತೆ ಹರಾಜಿನ ಅಟ್ಟ ಹತ್ತಬೇಕಾದ ದಿನ. ಆಗಸ್ಟಿನಲ್ಲಿ ಮಾರ್ಲೀನಳಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಸೋತ ಮೇಲೆ ಅವನು ಹರಾಜು ಕೂಗಿರಲಿಲ್ಲ. ಊರ ಹೊರಗಿನ ದನದ ಹರಾಜುಕಟ್ಟೆಯಲ್ಲಿ ಅವನ ಜಾಗದಲ್ಲಿ ಟ್ರೆಂಟ್ ಎಂಬ ಹೊಸಬ ಕೂಗುತ್ತಿದ್ದ. ಕಟ್ಟೆಯ ಯಜಮಾನ ಗೇಲನ್ ನಿನ್ನೆ ಫೋನ್ ಮಾಡಿ, "ಅಕ್ಟೋಬರ್ ಬಂತಲ್ಲಯ್ಯಾ, ಕರುಗಳ ಸೀಸನ್ನು. ಟ್ರೆಂಟ್ ಒಳ್ಳೇವ್ನೇ, ಆದ್ರೆ ಅವನು ಉಸಿರು ತಗೊಳ್ಳೋದು ಮೈಕಲ್ಲಿ ಕೇಳಿಸ್ತದೆ. ನೀನು ಬಾ" ಎಂದಿದ್ದ. ಆ ಮಾತಿನಿಂದಾದ ಖುಷಿ ಬೆಳಗಾದರೂ ಡ್ವೇನನ ಮೈಯಿಂದ ಇಳಿದಿರಲಿಲ್ಲ. ಅವನ ಕಸುಬಿನಲ್ಲಿ ಗುಟ್ಟು ಅಂತ ಇದ್ದರೆ ಅದೊಂದೇ: ಕೂಗುವವನ ಮಾತಿನಲ್ಲಿ ಸಂದು ಇರಬಾರದು. ಒಂದು ಬೆಲೆಗೂ ಮುಂದಿನ ಬೆಲೆಗೂ ನಡುವೆ ಅರ್ಥವಿಲ್ಲದ ಸದ್ದುಗಳನ್ನು ತುಂಬುತ್ತಲೇ ಇರಬೇಕು. ನಾಲಿಗೆ ಗುಡುಗುಡು ಉರುಳುತ್ತಲೇ ಇರಬೇಕು. ಕಲಿಸಿಕೊಟ್ಟ ಮುದುಕ ಹೇಳಿದ್ದ: "ಸಂದು ಬಿಟ್ಯೋ, ಕೊಳ್ಳೋನು ಯೋಚ್ನೆ ಮಾಡೋಕೆ ಶುರು ಮಾಡ್ತಾನೆ." ಇಪ್ಪತ್ತೆರಡರ ಡ್ವೇನ್ ತಂದೆಯ ಪಿಕಪ್ ಓಡಿಸುತ್ತ, ರಸ್ತೆ ಬದಿಯ ವಿದ್ಯುತ್ ಕಂಬಗಳನ್ನು ಒಂದೊಂದಾಗಿ ಹರಾಜು ಹಾಕುತ್ತ ನಾಲಿಗೆ ಪಳಗಿಸಿಕೊಂಡಿದ್ದ. ಪಕ್ಕದಲ್ಲಿ ಮಾರ್ಲೀನ್ ಕೂತು ನಗುತ್ತಿದ್ದಳು. ಕಂಬ ಮಾರಿ, ಬೇಲಿ ಮಾರಿ, ಚರ್ಚಿನ ಗೋಪುರ ಮಾರಿ, ಕೊನೆಗೆ ಅದೇ ಓಘದಲ್ಲಿ ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಅವಳು ಏನು ಉತ್ತರ ಕೊಟ್ಟಿದ್ದಳು? ಹೂಂ ಎಂದಿದ್ದಳಾ, ತಲೆಯಾಡಿಸಿದ್ದಳಾ, ಅಥವಾ ಅವಳ ಪರವಾಗಿ ತಾನೇ "ಮಾರಾಟವಾಯ್ತು!" ಎಂದು ಕೂಗಿಬಿಟ್ಟಿದ್ದನಾ? ಈ ಕಥೆಯನ್ನು ಅವನು ನೆಂಟರ ಮುಂದೆ ನೂರು ಸಲ ಹೇಳಿದ್ದ. ಹೇಳುವಾಗಲೆಲ್ಲ ಅಲ್ಲಿಗೇ ನಿಲ್ಲಿಸುತ್ತಿದ್ದ. ಜನ ನಗುತ್ತಿದ್ದರು.

"ಹೊರಡೋಣ, ಹತ್ತಕ್ಕೆ ಯೆಸೆನಿಯಾ ಕಾಯ್ತಿರ್ತಾಳೆ," ಎಂದು ಅವಳ ಕೋಟು ತಂದ. ಬಲತೋಳನ್ನು ತೂರಿಸಲು ಅವಳು ತಾನೇ ಹೆಣಗುತ್ತಿದ್ದಾಗ ಕಾಲರು ಹಿಡಿದು ಎಳೆದು ಹಾಕಿ, ಗುಂಡಿಯನ್ನೂ ಹಾಕಿಬಿಟ್ಟ. ದಾರಿಯುದ್ದಕ್ಕೂ ಮಾತಾಡಿದ. ಜೋಳದ ಫಸಲಿನ ಬಗ್ಗೆ, ಅಳಿಯ ಕೊಂಡ ಹೊಸ ಕಾರಿನ ಬಗ್ಗೆ, ಟ್ರೆಂಟನ ಉಸಿರಿನ ಬಗ್ಗೆ. ಮಾತಾಡುತ್ತಲೇ ಒಳಗೆ ಇನ್ನೊಂದು ನಡೆಯುತ್ತಿತ್ತು. ಎರಡು ತಿಂಗಳಿಂದ ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ಸಂಗತಿ ಅದು. ಆಸ್ಪತ್ರೆಯಿಂದ ಅವಳನ್ನು ಕರೆತಂದ ವಾರ ಬಂದವರೆಲ್ಲ, "ಮನೆ ಬಿಕೋ ಅನ್ನಿಸಬಹುದು ಅಲ್ವಾ, ಮೊದಲಿನ ಹಾಗೆ ಮಾತುಕತೆ ಇಲ್ಲದೆ?" ಎಂದು ಕೇಳಿದ್ದರು. ಅವನು ಕಣ್ಣು ಒರೆಸಿಕೊಂಡಿದ್ದ. ಆದರೆ ಮನೆ ಬಿಕೋ ಅನ್ನುತ್ತಿರಲಿಲ್ಲ. ಮನೆ ಮೊದಲು ಹೇಗಿತ್ತೋ ಹಾಗೇ ಇತ್ತು. ಬೆಳಗ್ಗೆ ಅವನ ಮಾತು, ಮಧ್ಯಾಹ್ನ ಅವನ ಮಾತು, ಸಂಜೆ ಟೀವಿಯ ಎದುರು ಅವನ ಮಾತು. ಕಳೆದ ವಾರ ಮಗಳು ಕ್ರಿಸ್ಟಾಳ ಮದುವೆಯ ವಿಡಿಯೋ ಹಾಕಿ ನೋಡಿದ. ಮಾರ್ಲೀನ್ ಏಳೆಂಟು ಕಡೆ ಕಾಣಿಸಿದಳು; ನೀಲಿ ಉಡುಪು, ಕೈಯಲ್ಲಿ ಕೇಕಿನ ತಟ್ಟೆ. ಕೇಳಿಸಿದ್ದೆಲ್ಲ ಅವನ ದನಿಯೇ. ಒಂದು ಕಡೆ ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಕ್ಯಾಮರಾ ನಗು ಕೇಳಿದ ಕಡೆಗೆ, ಅಂದರೆ ಅವನ ಕಡೆಗೆ, ತಿರುಗಿಬಿಟ್ಟಿತು.

ಮಾತು ಕಲಿಸುವ ಯೆಸೆನಿಯಾ ರುವೆಲಾಸ್‌ಗೆ ಅವನ ಮಗಳಿಗಿಂತ ಚಿಕ್ಕ ವಯಸ್ಸು. ಅವಳ ತಂದೆ ಮೂವತ್ತು ವರ್ಷ ಇದೇ ಊರಿನ ಮಾಂಸದ ಕಾರ್ಖಾನೆಯಲ್ಲಿ ದುಡಿದವನು. ಡ್ವೇನ್ ಕೂಗಿ ಮಾರಿದ ಎಷ್ಟೋ ದನಗಳು ಅವನ ಕತ್ತಿಯ ಕೆಳಗೆ ಹೋಗಿದ್ದಿರಬೇಕು. ಮೊದಲ ದಿನವೇ ಡ್ವೇನ್ ಇದನ್ನು ತಮಾಷೆಯಾಗಿ ಹೇಳಿದ್ದ. ಅವಳು ನಗಲೂ ಇಲ್ಲ, ಬೇಸರಿಸಲೂ ಇಲ್ಲ. ಇವತ್ತು ಅವಳು ಮಾರ್ಲೀನಳ ಮುಂದೆ ಒಂದೊಂದೇ ಚಿತ್ರ ಇಡುತ್ತಿದ್ದಳು. ಕೀಲಿಕೈ. ಮಾರ್ಲೀನ್ ಹೇಳಿದಳು. ಕೊಡೆ. ಹೇಳಿದಳು. ಮೂರನೆಯದಕ್ಕೆ ತಡವರಿಸಿದಳು. ಚಿತ್ರದಲ್ಲಿ ಏಣಿಯೊಂದು ಗೋಡೆಗೆ ಒರಗಿತ್ತು. ಮಾರ್ಲೀನಳ ಕಣ್ಣು ಚಿತ್ರದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿತು, ಇಳಿಯಿತು. ಡ್ವೇನ್ ತನ್ನ ಬೂಟನ್ನು ನೋಡಿಕೊಂಡ, ಗೋಡೆಯ ಬಣ್ಣ ನೋಡಿದ. ನಾಲಿಗೆಯ ತುದಿಯಲ್ಲಿ ಏನೋ ಕಚ್ಚಿದಂತಾಗುತ್ತಿತ್ತು.

"ಏಣಿ," ಎಂದುಬಿಟ್ಟ.

ಯೆಸೆನಿಯಾ ಚಿತ್ರವನ್ನು ಬೋರಲು ಹಾಕಿದಳು. "ಕೋಪೆಕಿ ಅವರೇ, ನಿಮಗೆ ಪೂರ್ತಿ ಅಂಕ. ಈಗ ಸ್ವಲ್ಪ ಹೊರಗೆ ಕೂತಿರ್ತೀರಾ?"

"ಇಲ್ಲ ಇಲ್ಲ, ಇನ್ನು ಬಾಯಿ ಬಿಡಲ್ಲ. ಅಭ್ಯಾಸ ನೋಡಿ, ಬಾಯಿಂದ ಜಾರ್ತು."

"ಹತ್ತೇ ನಿಮಿಷ. ಹೊರಗೆ ಕಾಫಿ ಇದೆ."

ಅವನು ಮಾರ್ಲೀನಳ ಮುಖ ನೋಡಿದ, ಇರಲಿ ಬಿಡು ಅನ್ನಬಹುದೆಂದು. ಅವಳು ಬೋರಲು ಬಿದ್ದ ಚಿತ್ರವನ್ನೇ ನೋಡುತ್ತಿದ್ದಳು. ಕ್ಲಾಸಿನಿಂದ ಹೊರಹಾಕಿಸಿಕೊಂಡವನಂತೆ ಅವನು ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂತ. ಎದುರಿಗೆ ಕಾಲು ಚಾಚಿ ಕೂತಿದ್ದ ಹೆಂಗಸಿಗೆ, "ಗಾಳಿ ಜೋರು ಇವತ್ತು" ಎಂದ, ಅವಳು ಕಿವಿಯಿಂದ ಒಂದು ತಂತಿ ತೆಗೆದು "ಏನಂದ್ರಿ?" ಎಂದಳು, ಅವನು ಏನಿಲ್ಲ ಎಂದ. ಬಾಗಿಲ ಆಚೆ ಸದ್ದೇ ಇರಲಿಲ್ಲ. ಅಷ್ಟು ಹೊತ್ತು ಇಬ್ಬರು ಮನುಷ್ಯರು ಒಂದು ಕೋಣೆಯಲ್ಲಿ ಸುಮ್ಮನಿರುವುದು ಹೇಗೆ? ಎದ್ದು ಬಾಗಿಲಿನ ಹತ್ತಿರ ಹೋದ. ಆಗ ಒಳಗೆ ನಗು ಕೇಳಿಸಿತು. ಎರಡು ನಗು. ಒಂದು ಯೆಸೆನಿಯಾಳದು. ಇನ್ನೊಂದು ಗಂಟಲಿನ ಆಳದಿಂದ ಹೊರಟು ತಡೆತಡೆದು ಬರುತ್ತಿದ್ದ, ಅವನು ಕೇಳಿಯೇ ಇರದಿದ್ದ ನಗು. ಏನು ಹೇಳಿದಳು ಮಾರ್ಲೀನ್? ತನ್ನ ಬಗ್ಗೆಯೇ ಹೇಳಿರಬೇಕು. ತನ್ನ ಹೆಂಡತಿಯ ನಗುವನ್ನು ಬಾಗಿಲಾಚೆಯಿಂದ ಕದ್ದು ಕೇಳುತ್ತಿರುವ ಅರವತ್ತು ದಾಟಿದ ಗಂಡಸು. ಎದುರಿನ ಹೆಂಗಸು ನೋಡುತ್ತಿದ್ದಳು. ಹೋಗಿ ಕೂತ.

ಹೊರಡುವಾಗ ಯೆಸೆನಿಯಾ ಹೇಳಿದಳು: "ಇವತ್ತು ಇವರಿಗೆ ಒಂದೇ ಹೋಂವರ್ಕು. ಎಲ್ಲಾದ್ರೂ ಅಂಗಡೀಲೋ ಹೋಟ್ಲಲ್ಲೋ ತಮಗೆ ಬೇಕಾದ್ದನ್ನ ತಾವೇ ಬಾಯಿಬಿಟ್ಟು ಕೇಳಿ ತಗೋಬೇಕು. ನಿಮಗೂ ಒಂದು ಹೋಂವರ್ಕು."

"ಗೊತ್ತಾಯ್ತು, ಬಾಯಿ ಮುಚ್ಕೊಂಡಿರ್ಬೇಕು. ಎಷ್ಟು ಹೊತ್ತು ಕಾಯೋದು ಅಂತ ಹೇಳಿ, ಕಾಯ್ತೀನಿ."

"ಎಷ್ಟು ಹೊತ್ತಾಗತ್ತೋ ಅಷ್ಟು."

"ಅಂದ್ರೂ ಒಂದು ಅಂದಾಜು?"

ಅವಳು ಮಾರ್ಲೀನಳ ಕಡೆ ನೋಡಿ ಹುಬ್ಬು ಹಾರಿಸಿದಳು. ಮಾರ್ಲೀನಳ ಬಾಯಿಯ ಎಡತುದಿ ಅಲುಗಿತು.

ಹರಾಜುಕಟ್ಟೆಗೆ ಅಂಟಿಕೊಂಡೇ ಇರುವ ಕೆಫೆಯಲ್ಲಿ ಊಟದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಅವನು ಕೂಗಿ ಮುಗಿಸುವವರೆಗೆ ಮಾರ್ಲೀನ್ ಇಲ್ಲೇ ಕೂತಿರುವುದು, ಕೌಂಟರಿನ ಡಾರ್ಲಾ ಒಂದು ಕಣ್ಣಿಟ್ಟಿರುವುದು ಎಂದು ಮೊದಲೇ ಮಾತಾಗಿತ್ತು. ಬಾಗಿಲು ತಳ್ಳಿದ್ದೇ ಹುರಿದ ಈರುಳ್ಳಿ, ಸಗಣಿ, ಒದ್ದೆ ಉಣ್ಣೆಯ ವಾಸನೆ ಒಟ್ಟಿಗೆ ಬಂದು ಡ್ವೇನನ ಎದೆ ಅರಳಿತು. "ಬಂದ ನೋಡ್ರಪ್ಪಾ!" ಎಂದು ಯಾರೋ ಕೂಗಿದರು. ಬೆನ್ನು ತಟ್ಟಿದರು. ಸಾಲಿನಲ್ಲಿ ನಿಂತು ಕೌಂಟರಿಗೆ ಬಂದಾಗ ಡಾರ್ಲಾ ಅವನನ್ನು ಬಿಟ್ಟು ಅವಳ ಕಡೆ ಬಾಗಿ, "ಏನು ಕೊಡ್ಲಿ ಚಿನ್ನ?" ಎಂದಳು. ಮಾರ್ಲೀನ್ ಕೌಂಟರಿನ ಅಂಚು ಹಿಡಿದುಕೊಂಡಳು. "ನಂಗೆ... ಒಂ... ಒಂದು..." ಗಾಜಿನ ಪೆಟ್ಟಿಗೆಯಲ್ಲಿ ಬಗೆಬಗೆಯ ಕೊಲಾಚೆಗಳು, ನಡುವೆ ಹೂರಣದ ಗುಳಿ ಇರುವ ದುಂಡನೆಯ ಬನ್ನುಗಳು, ಸಾಲಾಗಿದ್ದವು. ಅವಳ ಕಣ್ಣು ಆ ಸಾಲಿನ ಮೇಲಿತ್ತು. ಡಾರ್ಲಾ ಪೆನ್ನು ಹಿಡಿದು ಸುಮ್ಮನೆ ನಿಂತಿದ್ದಳು, ಅವಸರವೇ ಇಲ್ಲದವಳಂತೆ. ಡ್ವೇನ್ ಹಲ್ಲು ಕಚ್ಚಿದ. ಹಿಂದೆ ಯಾರದೋ ಬೂಟು ಕಿರುಗುಟ್ಟಿತು. ಯಾರೋ ಕೆಮ್ಮಿದರು, ಬೇಕೆಂದೇ ಕೆಮ್ಮಿದಂತಿತ್ತು. ಇಡೀ ಸಾಲು ತನ್ನ ಕತ್ತಿನ ಹಿಂಭಾಗವನ್ನೇ ನೋಡುತ್ತಿದೆ ಎನ್ನಿಸಿತು; ಅಲ್ಲ, ಅವಳ ಜರುಗಿದ ತುಟಿಯನ್ನು ನೋಡುತ್ತಿದೆ, ಇವರೆಲ್ಲ ನೋಡುವುದು ಬೇಡ, ಅವಳಿಗೆ ಅವಮಾನವಾಗುವುದು ಬೇಡ. ಅವಳಿಗೋಸ್ಕರವೇ, ಖಂಡಿತ ಅವಳಿಗೋಸ್ಕರವೇ, ಅವನು ಬಾಯಿ ತೆರೆದ.

"ಗಸಗಸೆ ಕೊಲಾಚೆ, ಒಂದು ಕಾಫಿ. ಅವಳಿಗೆ ಯಾವಾಗ್ಲೂ ಅದೇ."

ಡಾರ್ಲಾ ಬರೆದುಕೊಳ್ಳಲಿಲ್ಲ. "ನಾನು ಕೇಳಿದ್ದು ಅವಳನ್ನ ಕಣೋ."

"ಬಿಡೇ ಡಾರ್ಲಾ," ಎಂದ ಹಿಂದಿನವನೊಬ್ಬ, "ಸುಮ್ನಿದ್ರೆ ಅವ್ನಿಗೆ ಜ್ವರ ಬರತ್ತೆ." ಸಾಲು ನಕ್ಕಿತು. ಡ್ವೇನನೂ ನಕ್ಕ. ಮಾರ್ಲೀನ್ ಕೌಂಟರಿನ ಅಂಚು ಬಿಟ್ಟು, ಬಲಗಾಲನ್ನು ಎಳೆದುಕೊಳ್ಳುತ್ತ ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕೂತಳು. ಕೊಲಾಚೆಯನ್ನು ಅವನೇ ಒಯ್ದು ಎದುರಿಗಿಟ್ಟ. ಅವಳು ಮುಟ್ಟಲಿಲ್ಲ. ಅಷ್ಟರಲ್ಲಿ ಉತ್ತರದ ಕಡೆಯ ಇಬ್ಬರು ದನಗಾರರು ಟೋಪಿ ತೆಗೆದು ಮೇಜಿನ ಬಳಿ ನಿಂತರು. "ಹೇಗಿದಾಳೆ ಈಗ?" ಎಂದು ಒಬ್ಬ ಅವನನ್ನು ಕೇಳಿದ, ಅವಳು ಮೊಳದ ದೂರದಲ್ಲಿ ಕೂತಿರುವಾಗ. "ದಿನದಿನಕ್ಕೂ ಚುರುಕಾಗ್ತಿದಾಳೆ," ಎಂದ ಡ್ವೇನ್. "ಊಟ ಚೆನ್ನಾಗಿ ಮಾಡ್ತಾಳೆ, ನಿದ್ದೆ ಚೆನ್ನಾಗಿ ಮಾಡ್ತಾಳೆ, ನಡಿಗೆ ಸುಧಾರಿಸಿದೆ. ಬರೋ ವರ್ಷದ ಹೊತ್ತಿಗೆ ನಂಗಿಂತ ಜೋರಾಗಿ ಕೂಗ್ತಾಳೆ ನೋಡ್ತಿರಿ!" ಹೇಳಿ ಮುಗಿಸುವಷ್ಟರಲ್ಲಿ ಆ ದನಿ ಅವನಿಗೇ ಗುರುತು ಸಿಕ್ಕಿತು. ಕಣಕ್ಕೆ ಬಿಟ್ಟ ಹಸುವಿನ ಹಲ್ಲು, ಕೆಚ್ಚಲು, ಗೊರಸು ಹೊಗಳುವ ದನಿ. ದನಗಾರರು ಸಂತೋಷಪಟ್ಟು ಹೋದರು. ಅವನು ಮಾರ್ಲೀನಳ ಕಡೆ ನೋಡುವ ಮೊದಲೇ ಗೇಲನ್ ಬಾಗಿಲಲ್ಲಿ ನಿಂತು ಕೈಗಡಿಯಾರ ತಟ್ಟಿ ತೋರಿಸಿದ. "ಬಂದುಬಿಡ್ತೀನಿ, ಇಲ್ಲೇ ಇರು, ಏನಾದ್ರೂ ಬೇಕಾದ್ರೆ ಡಾರ್ಲಾಗೆ ಹೇಳು," ಎಂದ. ಹೇಳು ಅನ್ನುವ ಪದ ಬಾಯಿಂದ ಹೊರಟ ಮೇಲೆ ವಾಪಸು ತೆಗೆದುಕೊಳ್ಳಲಾಗಲಿಲ್ಲ.

ಅಟ್ಟ ಹತ್ತಿ ಮೈಕಿನ ಮುಂದೆ ಕೂತಾಗ ಎಲ್ಲ ಸರಿಹೋಯಿತು. ಕೆಳಗೆ ಮರದ ಹೊಟ್ಟು ಹಾಸಿದ ಕಣ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಟೋಪಿಗಳು. ಕಬ್ಬಿಣದ ಬಾಗಿಲು ಧಡ್ ಎಂದು ತೆರೆದು ಕಪ್ಪು ಕರುಗಳು ಒಂದರ ಮೈಗೆ ಒಂದು ಉಜ್ಜಿಕೊಳ್ಳುತ್ತ ನುಗ್ಗಿದವು. ಡ್ವೇನ್ ಶುರು ಮಾಡಿದ. ಮೊದಲ ನಾಲ್ಕು ಮಾತಿಗೆ ನಾಲಿಗೆ ತುಕ್ಕು ಹಿಡಿದಂತಿತ್ತು, ಆಮೇಲೆ ಬಿಟ್ಟುಕೊಂಡಿತು. ಎಡಗಡೆ ಒಂದು ಬೆರಳು, ಬಲಗಡೆ ಒಂದು ಹುಬ್ಬು, ಹಿಂದೆ ಒಂದು ಟೋಪಿಯ ಅಂಚು. ಯಾವುದೂ ಅವನ ಕಣ್ಣು ತಪ್ಪುತ್ತಿರಲಿಲ್ಲ, ಎಲ್ಲವನ್ನೂ ದನಿ ಎತ್ತಿ ಪೋಣಿಸಿಕೊಂಡು ಹೋಗುತ್ತಿತ್ತು. ಇಲ್ಲಿ ಅವನಿಗೆ ಹೆಂಡತಿ ಇರಲಿಲ್ಲ, ವಯಸ್ಸಿರಲಿಲ್ಲ, ಬೆಳಗಿನ ಮೇಜಿರಲಿಲ್ಲ. ಎರಡನೆಯ ತಂಡ ಹೋಯಿತು, ಮೂರನೆಯದು ಬಂತು. ಮೇಲುಗಡೆ ಕೂತಿದ್ದ ಟ್ರೆಂಟ್ ಬಾಯಿ ಅರ್ಧ ತೆರೆದು ಕೇಳುತ್ತಿದ್ದ. ಆಗ ಕೆಫೆಯ ಕಡೆಯ ಬಾಗಿಲಲ್ಲಿ ಒಂದು ಕೈ ಮೇಲೆದ್ದಿತು. ಕೈ ಎತ್ತಿದವರನ್ನು ಗುರುತಿಸುವ ಕಣದಾಳು ಅದನ್ನು ಕಂಡಿದ್ದೇ "ಹೇಪ್!" ಎಂದು ಬೆರಳು ಚಾಚಿ ಬೆಲೆ ಏರಿಸಿದ. ಡ್ವೇನ್ ಆ ಬೆಲೆಯನ್ನೂ ಎತ್ತಿಕೊಂಡು ಮುಂದಿನದು ಕೇಳಿದ. ಕೈ ಇನ್ನೂ ಜೋರಾಗಿ ಬೀಸಿತು. ಜನ ತಿರುಗಿ ನೋಡಿ ನಗತೊಡಗಿದರು. "ಡಾರ್ಲಾ, ಕರು ಎಲ್ಲಿ ಕಟ್ತೀಯೇ, ಅಡುಗೆಮನೇಲಾ?" ಡಾರ್ಲಾ ನಗುತ್ತಿರಲಿಲ್ಲ. ಅವಳ ಕೈಯಲ್ಲಿದ್ದದ್ದು ಕೋಟು. ಬೆಳಗ್ಗೆ ಅವನೇ ಗುಂಡಿ ಹಾಕಿದ್ದ ಕಂದು ಕೋಟು.

ಅವನ ಬಾಯಿ ಇನ್ನೂ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಓಡಿತು. ಆಮೇಲೆ ನಿಂತಿತು. ಮೈಕಿನಲ್ಲಿ ಬರೀ ಗಾಳಿ. ಕರುಗಳು ಗೊರಸಿನಿಂದ ಹೊಟ್ಟು ಕೆದಕುವುದು ಕೇಳಿಸಿತು, ಕೊನೆಯ ಮೆಟ್ಟಿಲಲ್ಲಿ ಯಾರೋ ಕುರುಕಲು ತಿಂಡಿಯ ಪೊಟ್ಟಣ ಹರಿಯುವುದು ಕೇಳಿಸಿತು. ಒಂದೊಂದೇ ಟೋಪಿ ಮೇಲೆದ್ದು ಅವನ ಕಡೆ ತಿರುಗಿತು. ನಲವತ್ತು ವರ್ಷದಲ್ಲಿ ಈ ಕಟ್ಟೆಯಲ್ಲಿ ಹೀಗಾಗಿರಲಿಲ್ಲ. "ಏನಾಯ್ತಯ್ಯಾ?" ಎಂದು ಗೇಲನ್ ಪಕ್ಕದಿಂದ ಪಿಸುಗುಟ್ಟಿದ. ಡ್ವೇನನಿಗೆ ಹೇಳಲು ಏನೂ ಹೊಳೆಯಲಿಲ್ಲ. ಒಂದು ತಮಾಷೆಯಾದರೂ ಹೊಳೆಯಬೇಕಿತ್ತು. ಎದ್ದ, ಮೈಕನ್ನು ಗೇಲನ್ನನ ಕಡೆ ಸರಿಸಿದ, ಇಳಿದ. ಬೆನ್ನ ಹಿಂದೆ ಟ್ರೆಂಟನ ದನಿ ಶುರುವಾಗುವವರೆಗಿನ ಆ ನಿಶ್ಶಬ್ದದಲ್ಲಿ ಅವನ ಬೂಟಿನ ಸದ್ದು ಮೆಟ್ಟಿಲಿಗೆ ಒಂದೊಂದಾಗಿ ಬಿತ್ತು.

"ಬಾತ್‌ರೂಮಿಗೆ ಅಂದ್ಕೊಂಡೆ," ಎಂದಳು ಡಾರ್ಲಾ. "ನೋಡಿದ್ರೆ ಇಲ್ಲ. ಕೋಟು ಕುರ್ಚಿ ಮೇಲೇ ಇತ್ತು. ಈ ಗಾಳೀಲಿ ಎಲ್ಲಿಗೆ ಹೋಗಿರ್ತಾಳೆ ಅಂತೀಯ?"

"ಮನೆಗೇ. ಇನ್ನೆಲ್ಲಿಗೆ."

ಕೋಟು ಇಸಿದುಕೊಂಡು, ಪಿಕಪ್ ಹತ್ತಿ ಮನೆಯ ದಾರಿ ಹಿಡಿದ. ರಸ್ತೆ ನೇರ, ಬಯಲು ಚಪ್ಪಟೆ, ಎರಡು ಮೈಲಿವರೆಗೆ ಒಂದು ನಾಯಿ ನಡೆದರೂ ಕಾಣುತ್ತದೆ. ಯಾರೂ ಇರಲಿಲ್ಲ. ಹಾಗಾದರೆ ಅವಳ ಅಕ್ಕನ ಮನೆ. ತಿರುಗಿಸಿ ಅಲ್ಲಿಗೆ ಹೋದ. ಬಾಗಿಲಿಗೆ ಬೀಗ, ಹಿತ್ತಲಿನಲ್ಲಿ ಕುಂಬಳದ ಬಳ್ಳಿ ಮಾತ್ರ. ಚರ್ಚು. ಅಲ್ಲೂ ಇಲ್ಲ. ಮೊಮ್ಮಗ ಹುಟ್ಟುವ ಮುಂಚೆ ಅವಳು ಕೆಲಸಕ್ಕೆ ಹೋಗುತ್ತಿದ್ದ ಲೈಬ್ರರಿಯೇನಾದರೂ? ಅಥವಾ ಶಾಲೆಯೇ, ಅವಳು ಕೆಲಸಕ್ಕೆ ಹೋಗುತ್ತಿದ್ದದ್ದು? ಎರಡೂ ಕಡೆ ಇದ್ದಳಲ್ಲವೇ? ಯಾವುದು ಅವಳಿಗೆ ಇಷ್ಟವಾಗಿತ್ತು? ಈ ಇಷ್ಟು ಸಣ್ಣ ಊರಿನಲ್ಲಿ, ತನಗೆ ಒಂದೊಂದು ದನದ ಮಾಲೀಕನೂ ಗೊತ್ತಿರುವ ಊರಿನಲ್ಲಿ, ಸಿಟ್ಟು ಬಂದಾಗ ತನ್ನ ಹೆಂಡತಿ ಎಲ್ಲಿಗೆ ಹೋಗುತ್ತಾಳೆ ಅನ್ನುವುದು ಗೊತ್ತಿಲ್ಲ. ಸಿಟ್ಟು ಬಂದು ಅವಳು ಯಾವತ್ತಾದರೂ ಎಲ್ಲಿಗಾದರೂ ಹೋಗಿದ್ದಳೇ? ಹೋಗಿ ಬಂದಿದ್ದರೂ ಅವನಿಗೆ ತಿಳಿದಿರುತ್ತಿತ್ತೇ? ಒಂದು ಲಾರಿಯವನು ಹಾರನ್ ಹೊಡೆದು ಬೈದುಕೊಂಡು ಹೋದ. ದೀಪ ಕೆಂಪಾಗಿದ್ದದ್ದು ಅವನಿಗೆ ಕಂಡಿರಲಿಲ್ಲ.

ಅವಳು ಸಿಕ್ಕಿದ್ದು ರೈಲ್ವೆ ಗೇಟಿನ ಹತ್ತಿರ. ಜೋಳ ತುಂಬಿಡುವ ಎತ್ತರದ ಕಾಂಕ್ರೀಟು ಕೊಳವೆಗಳ ನೆರಳಿನಲ್ಲಿ, ಗೇಟಿನ ಕೋಲು ಇಳಿದಿರುವುದನ್ನು ನೋಡುತ್ತ ನಿಂತಿದ್ದಳು. ತೆಳು ಸ್ವೆಟರು ಗಾಳಿಗೆ ಮೈಗಂಟಿತ್ತು. ಅವನು ಪಿಕಪ್ ನಿಲ್ಲಿಸಿ ಬಾಗಿಲು ಹಾಕುವುದನ್ನೂ ಮರೆತು ಓಡಿದ. "ಏನೇ ಇದು, ತಲೆ ಕೆಟ್ಟಿದೆಯಾ ನಿಂಗೆ, ಇಡೀ ಊರು ಹುಡುಕಿದೆ ನಾನು, ಮೈಕು ಬಿಟ್ಟು ಬಂದೆ, ಗೊತ್ತಾ? ಎಲ್ಲರೆದುರು!" ಅಷ್ಟರಲ್ಲಿ ರೈಲು ಬಂತು. ಕಲ್ಲಿದ್ದಲಿನ ರೈಲು, ಅದರ ಬಾಲ ಕಾಣಿಸುವ ಹೊತ್ತಿಗೆ ತಲೆ ಪಕ್ಕದ ಊರು ಮುಟ್ಟಿರುತ್ತದೆ. ಅವನು ಮಾತಾಡುತ್ತಲೇ ಇದ್ದ. ಅವಳ ತೋಳು ಹಿಡಿದು, ಮುಖದ ಹತ್ತಿರ ಮುಖ ಇಟ್ಟು, ಚಳಿಯ ಬಗ್ಗೆ, ಡಾಕ್ಟರ ಬಗ್ಗೆ, ಕೊಲಾಚೆಯ ಬಗ್ಗೆ ಕೂಗುತ್ತಿದ್ದ. ಗಾಡಿಯ ಮೇಲೆ ಗಾಡಿ ಉರುಳಿ ನೆಲ ನಡುಗುತ್ತಿತ್ತು. ತಾನು ಹೇಳುತ್ತಿರುವುದು ತನಗೇ ಕೇಳಿಸುತ್ತಿಲ್ಲ ಎಂದು ಅವನಿಗೆ ಗೊತ್ತಾಗಲು ಬಹಳ ಹೊತ್ತು ಹಿಡಿಯಿತು. ಕೇಳಿಸದಿದ್ದರೂ ಏನೂ ವ್ಯತ್ಯಾಸವಾಗಿಲ್ಲ ಎಂದು ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು. ಅವನ ತುಟಿ ನಿಂತಿತು. ಕೋಟು ಚಾಚಿದ. ಮಾರ್ಲೀನ್ ಅದನ್ನು ಅವನ ಕೈಯಿಂದ ಕಸಿದುಕೊಂಡು, ಸತ್ತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೋಳಿನೊಳಗೆ ಬಿಟ್ಟು, ಹೆಗಲು ಕುಣಿಸಿ ಕುಣಿಸಿ ತಾನೇ ಹಾಕಿಕೊಂಡಳು. ಅವಳು ಹಾಕಿಕೊಂಡು ಮುಗಿಸಿದ ಮೇಲೂ ರೈಲು ಹೋಗುತ್ತಲೇ ಇತ್ತು.

ಗೇಟು ಎದ್ದ ಮೇಲೆ ಅವಳು ದಾಟಲಿಲ್ಲ. ದಾಟಬೇಕೆಂದೇ ಬಂದಿದ್ದಳೋ, ರೈಲು ನೋಡಬೇಕೆಂದೋ, ಕೇಳುವ ಧೈರ್ಯ ಅವನಿಗಾಗಲಿಲ್ಲ. ಕೊಳವೆಗಳ ಬುಡದ ಕಟ್ಟೆಯ ಮೇಲೆ ಹೋಗಿ ಕೂತಳು. ಬೂಟಿನ ದಾರ ಬಿಚ್ಚಿಕೊಂಡು ಮಣ್ಣಾಗಿತ್ತು. ಅವನು ತಟ್ಟನೆ ಮೊಣಕಾಲೂರಿ ದಾರ ಹಿಡಿದ.

"ಬೇಡ."

ಪದ ಪೂರ್ತಿಯಾಗಿ, ಸ್ಪಷ್ಟವಾಗಿ ಬಂದಿತ್ತು. ಅವನು ಕೈ ತೆಗೆದ. ಅವಳು ಬಾಗಿದಳು. ಎಡಗೈಯ ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ದಾರದ ಒಂದು ತುದಿ ಹಿಡಿದು, ಇನ್ನೊಂದನ್ನು ಬೂಟಿನ ಅಡಿಗೆ ಒತ್ತಿಟ್ಟು, ಸುತ್ತಿದಳು. ಜಾರಿತು. ಮತ್ತೆ ಸುತ್ತಿದಳು. ಡ್ವೇನ್ ಕೈಗಳನ್ನು ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ನೆಲದ ಮೇಲೆ ಚೆಲ್ಲಿದ ಜೋಳಕ್ಕೆ ಗುಬ್ಬಚ್ಚಿಗಳು ಇಳಿದು, ಅವನು ಕಾಲು ಅಲುಗಿಸಿದಾಗಲೆಲ್ಲ ಹಾರಿ, ಮತ್ತೆ ಇಳಿಯುತ್ತಿದ್ದವು. ಎಷ್ಟು ಹೊತ್ತಾದರೂ ಗಂಟು ಬೀಳಲಿಲ್ಲ. ಗಾಳಿಯ ಜೊತೆ ದೂರದ ಹರಾಜುಕಟ್ಟೆಯಿಂದ ಟ್ರೆಂಟನ ದನಿ ತುಣುಕು ತುಣುಕಾಗಿ ಬರುತ್ತಿತ್ತು. ಡ್ವೇನ್ ಅದರ ತಪ್ಪು ಹುಡುಕುತ್ತ ನಿಂತ. ಹುಡುಕುತ್ತಿದ್ದವನು ಯಾವಾಗಲೋ ಅವಳ ಕೈಯನ್ನು ನೋಡತೊಡಗಿದ್ದ. ಉಗುರುಗಳು ಅಡ್ಡಾದಿಡ್ಡಿಯಾಗಿದ್ದವು, ತಾನೇ ಕತ್ತರಿಸಿಕೊಂಡಿರಬೇಕು, ಯಾವಾಗ? ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ. ಅದು ಎಂದಿನದು? ತುಂಬ ಹಳೆಯದು, ಬಿಳುಪಾಗಿ ಚರ್ಮದೊಳಕ್ಕೆ ಇಳಿದಿತ್ತು. ಆ ಕೈ ಬಡಿಸಿದ ಊಟವನ್ನು ಅವನು ದಿನಕ್ಕೆ ಮೂರು ಹೊತ್ತು ತಿಂದಿದ್ದ. ಕಣಕ್ಕೆ ಬಂದ ದನವೊಂದನ್ನು ಒಂದೇ ನೋಟಕ್ಕೆ ಗೊರಸಿನಿಂದ ಕೋಡಿನವರೆಗೆ ಅಳೆದುಬಿಡುವ ಅವನಿಗೆ ಈ ಕಲೆ ಕಂಡಿರಲಿಲ್ಲ. ಗಂಟು ಬಿತ್ತು. ಸೊಟ್ಟ ಗಂಟು. ಅವಳು ಅದನ್ನು ಎಳೆದು ಪರೀಕ್ಷಿಸಿ ನೆಟ್ಟಗೆ ಕೂತಳು. ಸುಸ್ತಾಗಿದ್ದಳು.

ಅವನು ಪಕ್ಕದಲ್ಲಿ ಕೂತ. ಕಾಂಕ್ರೀಟಿನ ತಣುಪು ಪ್ಯಾಂಟಿನೊಳಗೆ ಇಳಿಯಿತು.

"ಡ್ವೇನ್," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಿಂಗೆ... ಭ... ಭಯಾನಾ?"

"ನಂಗ್ಯಾಕೆ ಭಯ? ಡಾಕ್ಟ್ರು ಹೇಳಿದಾರಲ್ಲ, ಆರು ತಿಂಗಳು, ಹೆಚ್ಚಂದ್ರೆ ಒಂದು ವರ್ಷ, ಯೆಸೆನಿಯಾನೂ ಹಾಗೇ..." ಎಂದು ಶುರು ಮಾಡಿದವನು ಅವಳ ಕಡೆ ನೋಡಿದ. ಅವಳು ಕೇಳುತ್ತಿರಲಿಲ್ಲ, ಈ ಮಾತೆಲ್ಲ ಹರಿದು ಹೋಗಲಿ ಎಂದು, ರೈಲಿಗೆ ನಿಂತ ಹಾಗೆ, ಕೂತಿದ್ದಳು. ಅವನು ನಿಲ್ಲಿಸಿದ. ನಿಲ್ಲಿಸಿ ಬೇರೆಯದನ್ನು ಹುಡುಕಿದ. ಯಾವತ್ತೂ ನಾಲಿಗೆಯ ಹಿಂದೆ ಕರುಗಳಂತೆ ತಳ್ಳಾಡುತ್ತ ನಿಂತಿರುತ್ತಿದ್ದ ಮಾತುಗಳಲ್ಲಿ ಈಗ ಒಂದೂ ಇರಲಿಲ್ಲ. "ನಂಗೆ..." ಎಂದ. ಮುಂದೆ ಬರಲಿಲ್ಲ. ಅವಳು ಏನನ್ನಾದರೂ ಎತ್ತಿಕೊಡಬಹುದು ಎಂದು ಆಸೆಪಟ್ಟ. ಅವಳು ಎತ್ತಿಕೊಡಲಿಲ್ಲ. ಕಣ್ಣು ಕದಲಿಸದೆ, ಮುಖದಲ್ಲಿ ಅವಸರದ ಒಂದು ಗೆರೆಯೂ ಇಲ್ಲದೆ ಅವನನ್ನೇ ನೋಡುತ್ತಿದ್ದಳು. ತನಗಾಗಿ ಯಾರಾದರೂ ಇಷ್ಟು ಹೊತ್ತು ಹೀಗೆ ಕಾದದ್ದು ಅವನಿಗೆ ನೆನಪಿರಲಿಲ್ಲ; ಅವನು ಯಾರನ್ನೂ ಕಾಯಿಸಿಯೇ ಇರಲಿಲ್ಲ.

"ನೀನು ಮೊದ್ಲು ಹೇಗೆ ಮಾತಾಡ್ತಿದ್ದೆ ಅಂತ ನಂಗೆ ನೆನಪೇ ಬರ್ತಿಲ್ಲ ಮಾರ್ಲೀನ್," ಎಂದ ಕೊನೆಗೆ, ಗುಬ್ಬಚ್ಚಿಗಳ ಕಡೆ ನೋಡುತ್ತ. "ಎಷ್ಟು ಯೋಚ್ನೆ ಮಾಡಿದ್ರೂ ಬರ್ತಿಲ್ಲ. ಅದಕ್ಕೇ ಭಯ."

ಅವಳ ತುಟಿ ಜರುಗಿತು. "ಕ..." ಎಂದಳು. ಅವನ ಬಾಯಿಗೆ 'ಕಷ್ಟ' ಬಂತು, 'ಕೋಪ' ಬಂತು, 'ಕ್ಷಮಿಸು' ಅನ್ನುವುದೂ ಬಂತು. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು, ನೋಯುವಷ್ಟು ಕಚ್ಚಿ ಕೂತ. "ಕ..." ಒಂದು ಲಾರಿ ಹಳಿ ದಾಟಿ ಹೋಯಿತು. ಅದರ ಧೂಳು ಅವರವರೆಗೆ ಬಂದು ಕರಗಿತು.

"ಕಮ್ಮಿ," ಎಂದಳು ಮಾರ್ಲೀನ್.

ಹೇಳಿದ್ದೇ ಅವಳ ಮುಖದ ಎಡಭಾಗ ಪೂರ್ತಿ ನಗುವಾಯಿತು. ಗಂಟಲ ಆಳದಿಂದ ಸದ್ದು ತಡೆತಡೆದು ಮೇಲೆ ಬಂತು. ಅವನೂ ನಗಲು ಹೋದ. ಅರ್ಧಕ್ಕೆ ಅದು ಬೇರೇನೋ ಆಗಿ, ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿಯಬೇಕಾಯಿತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಗೇಲನ್ ಇರಬೇಕು, ನಿಂತಿತು, ಮತ್ತೆ ಗುಂಯ್‌ಗುಟ್ಟಿತು. ಅವನು ಅದನ್ನು ಮುಟ್ಟಲಿಲ್ಲ. ಮಾರ್ಲೀನ್ ನಗು ಮುಗಿಸಿ ಉಗುಳು ನುಂಗಿ, "ಈಗ..." ಎಂದು ಶುರು ಮಾಡಿ ನಿಂತಳು. ಈಗ ಏನು ಎಂದು ಅವನಿಗೆ ಹೊಳೆಯಲಿಲ್ಲ. ಹಳಿಯಾಚೆ ಬಿಸಿಲು ಕೊಳವೆಗಳ ನೆರಳನ್ನು ರಸ್ತೆಯ ಮೇಲೆ ಉದ್ದ ಮಾಡುತ್ತಿತ್ತು. ಅವಳು ಹುಡುಕುತ್ತಿದ್ದಳು. ಅವನು ಕೂತಿದ್ದ, ಮೊಣಕಾಲು ಮಾತ್ರ ಅವನ ಮಾತು ಕೇಳದೆ ಕುಣಿಯುತ್ತಲೇ ಇತ್ತು.